ಹಗ್ಗದ ಆ ತುದಿ

"ಎಳಿಯೇ ಮುಂಡೆ! ಉಣ್ಣೋಕೆ ಬಾಯಿ ಅಷ್ಟಗಲ ತೆಗೀತೀಯ, ಹಗ್ಗ ಎಳೆಯೋಕೆ ತೋಳಿಲ್ವಾ?"

ಬಂದೋಬಸ್ತಿನ ಸಾಹೇಬನ ಲಾಠಿ ಸೊಸೆಯ ಮೊಣಕೈಗೆ ಬಿತ್ತು. ಅವಳು ಹಲ್ಲುಕಚ್ಚಿ ಹಗ್ಗವನ್ನು ಇನ್ನಷ್ಟು ಬಿಗಿದಳು. ಇಳಿಜಾರಿನ ಆ ಬೀದಿಗೆ ಅಡ್ಡಲಾಗಿ ಹಗ್ಗ ಹಿಡಿದು ಯಾತ್ರಿಕರನ್ನು ತಡೆಯುವುದು, ಕೆಳಗಿನ ಚೌಕ ಖಾಲಿಯಾದೊಡನೆ ಹಗ್ಗ ತಗ್ಗಿಸಿ ಒಂದು ತಂಡವನ್ನು ಬಿಡುವುದು ಅವಳ ಕೂಲಿ. ಎದುರು ಗೋಡೆಯ ಬಳಿ ಇನ್ನೊಂದು ತುದಿ ಹಿಡಿದವಳು ಅವಳ ಅತ್ತೆ.

ಹಿಡಿದಿದ್ದಳು ಎನ್ನುವುದೂ ಸುಳ್ಳೇ. ಬೆಳಿಗ್ಗೆಯೇ ಸೊಸೆ ಅದನ್ನು ಕಂಡು ಬೆಚ್ಚಿದ್ದಳು.

"ಅತ್ತೆ, ಸೊಂಟಕ್ಕೆ ಕಟ್ಕೊಂಡ್ರಾ? ಮೈಗೆ ಮಾತ್ರ ಕಟ್ಬೇಡ ಅಂತ ನೀವೇ ತಾನೆ ನಂಗೆ ಹೇಳ್ಕೊಟ್ಟಿದ್ದು?"

"ಬೆರಳು ಮಡಚೋಕೆ ಆಗಲ್ಲ ಕಣೇ. ಮೇಸ್ತ್ರಿ ಕಂಡ್ರೆ ಮನೇಗೆ ಅಟ್ತಾನೆ." ಅತ್ತೆ ಗಂಟಿನ ಮೇಲೆ ಹೊದಿಕೆ ಎಳೆದುಕೊಂಡಳು. "ನಿನ್ನ ಗಂಡನಂಥ ಎಮ್ಮೇನ ಹೊತ್ತ ಸೊಂಟ ಇದು. ಹಗ್ಗ ಏನು ಮಹಾ! ಹೋಗು, ನಿನ್ನ ಜಾಗಕ್ಕೆ ಹೋಗು."

ಈಗ ಚೌಕ ತುಂಬಿತ್ತು. ಮೇಲಿನಿಂದ ಜನ ಇಳಿಯುತ್ತಲೇ ಇದ್ದರು. ಯಾತ್ರಿಕರ ಜಪ ನಿಂತು ಬಹಳ ಹೊತ್ತಾಗಿತ್ತು. ಏದುಸಿರು ಮಾತ್ರ ಕೇಳುತ್ತಿತ್ತು. ಇಕ್ಕಟ್ಟಾದರೆ ಜನ ಹೊರಬೀಳಲೆಂದೇ ಸೊಸೆಯ ಬೆನ್ನಹಿಂದೆ ಒಂದು ಅಡ್ಡ ಓಣಿಯನ್ನು ಬಿಟ್ಟಿದ್ದರು. ಇಂದು ಅದಕ್ಕೆ ಹಲಗೆಯ ಬಾಗಿಲಿಟ್ಟು ಅಗುಳಿ ಹಾಕಿ, ಒಳಗೆ ಕೆಂಪು ಹಾಸು ಹಾಸಿದ್ದರು. ಗಣ್ಯರು ಬರುವವರಿದ್ದರು.

"ಸಾಹೇಬ್ರೆ, ಓಣಿ ತೆಗೀರಿ. ಆ ಕಡೆ ನಮ್ಮತ್ತೆ ಇದಾರೆ, ಹಗ್ಗ ಸೊಂಟಕ್ಕೆ ಸುತ್ಕೊಂಡಿದಾರೆ. ಕೈಮುಗೀತೀನಿ."

"ನಿಮ್ಮತ್ತೆಗೋಸ್ಕರ ದೊಡ್ಡೋರು ಹೊರಗೆ ನಿಲ್ಬೇಕಾ? ಹಾಸಿನ ಮೇಲೆ ಒಂದು ಕೊಳಕು ಕಾಲು ಬಿದ್ರೂ ನಿನ್ನ ಚರ್ಮ ಸುಲೀತೀನಿ."

ಹಗ್ಗ ಬಿಲ್ಲಿನಂತೆ ಬಾಗಿತು. ಸೊಸೆಯ ಅಂಗೈ ಸುಲಿಯಿತು. ಬಿಟ್ಟುಬಿಡಲೇ? ಬಿಟ್ಟರೆ ಸಡಿಲಾದ ಹಗ್ಗ ಸಾವಿರ ಕಾಲುಗಳಿಗೆ ತೊಡರಿ ಮುದುಕಿಯನ್ನು ಎಳೆದೊಯ್ಯುತ್ತದೆ. ಹಿಡಿದೇ ಇದ್ದರೆ ಕದಲಲಾಗದ ಅವಳನ್ನು ಜನ ಗೋಡೆಗೆ ಅರೆಯುತ್ತಾರೆ. ತಲೆಗಳ ನಡುವೆ ಅತ್ತೆಯ ಮುಖ ಒಮ್ಮೆ ತೇಲಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಪಕ್ಕದಲ್ಲಿ ದೀಪದ ಕಂಬವಿತ್ತು. ಸೊಸೆ ಹಗ್ಗವನ್ನು ಸಡಿಲಾಗದಂತೆ ಅದಕ್ಕೆ ಸುತ್ತಿದಳು, ಮತ್ತೊಮ್ಮೆ ಸುತ್ತಿ ಗಂಟು ಬಿಗಿದಳು.

"ಏಯ್! ಏನೇ ಮಾಡ್ತಿದೀಯ?"

ಅವಳು ತಿರುಗಿ ಹಲಗೆಬಾಗಿಲಿನ ಅಗುಳಿಗೆ ಕೈಹಾಕಿದಳು. ಲಾಠಿ ಹೆಗಲಿಗೆ ಬಿತ್ತು, ಕಿವಿಗೆ ಬಿತ್ತು. ಅಗುಳಿ ಕಳಚಿತು.

"ಈ ಕಡೆ! ಈ ಕಡೆ ಬನ್ರೋ!"

ಜನ ಓಣಿಗೆ ನುಗ್ಗಿದರು. ಕೆಸರುಗಾಲು, ರಕ್ತದ ಕಾಲು, ಬರಿಗಾಲು ಕೆಂಪು ಹಾಸನ್ನು ಮುದ್ದೆ ಮಾಡಿ ತುಳಿದವು. ಸಾಹೇಬ ಅವಳ ಜುಟ್ಟು ಹಿಡಿದ.

"ಮುಚ್ಚೇ ಬಾಗಿಲು! ಮುಚ್ಚೇ, ಬೋಳಿ!"

"ಮುಚ್ಚಲ್ಲ ಕಣೋ! ಕೊಲ್ತೀಯಾ? ಕೊಲ್ಲು. ಬಾಗಿಲು ಮಾತ್ರ ಮುಚ್ಚಲ್ಲ."

ಕೂದಲು ಅವನ ಮುಷ್ಟಿಯಲ್ಲೇ ಕಿತ್ತುಬಂತು. ಅವಳು ಹಗ್ಗಕ್ಕೆ ತೋಳು ಸಿಕ್ಕಿಸಿ, ಬರುತ್ತಿದ್ದ ಜನಕ್ಕೆ ಎದುರಾಗಿ, ಅದರ ಗುಂಟವೇ ಬೀದಿ ದಾಟತೊಡಗಿದಳು. "ಅತ್ತೇ! ಅತ್ತೇ!" ಎಷ್ಟು ಜನ ಓಣಿಗೆ ತಿರುಗಿದರೂ ಎದುರು ಗೋಡೆಯ ಬುಡ ಇನ್ನೂ ಕಾಣುತ್ತಿರಲಿಲ್ಲ.