ಬೋರಲು ಬಿದ್ದ ಚಪ್ಪಲಿಗಳು

"ಚಪ್ಪಲಿ ಯಾಕೋ ಮುದಿಯಾ? ಗೋರಿಗೆ ಹೊತ್ಕೊಂಡೇ ಹೋಗ್ತಾರೆ, ನೀನೇನು ನಡೀಬೇಕಾಗಿಲ್ಲ."

ಈ ಮಾತನ್ನು ಬರೆದದ್ದಕ್ಕೆ ಕ್ಷಮಿಸಿ. ಆಡಿದವನು ನಮ್ಮ ಮ್ಯಾನೇಜರ್ ಶೌಕತ್. ಆಡಿಸಿಕೊಂಡವರು ಹಾಜಿ ಬಯೂಮಿ, ಅಲೆಕ್ಸಾಂಡ್ರಿಯದಲ್ಲಿ ನಲವತ್ತು ವರ್ಷ ಟ್ರಾಮ್ ಓಡಿಸಿದವರು. ನಾನು ಆ ವೃದ್ಧಾಶ್ರಮದ ನೆಲ ಒರೆಸುವವಳು, ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು. ಇದನ್ನೆಲ್ಲ ಹೇಳಲು ನಾನು ಯಾರು ಎಂದು ಈಗಲೂ ಅಳುಕುತ್ತೇನೆ.

ಯಾರೂ ಗೇಟು ದಾಟದಿರಲೆಂದು ಶೌಕತ್ ಎಲ್ಲರ ಚಪ್ಪಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಹಾಜಿ ಎರಡು ವರ್ಷದಿಂದ ಕೇಳುತ್ತಿದ್ದದ್ದು ಇಷ್ಟೇ: ಎದುರಿನ ಕಾಫಿ ಅಂಗಡಿಯಲ್ಲಿ ಒಂದು ಆಟ ಡೊಮಿನೊ.

ತನಿಖಾಧಿಕಾರಿ ಬರುವ ದಿನ ಮಾತ್ರ ಬೀರು ತೆರೆಯುತ್ತಿತ್ತು. ಎಲ್ಲರೂ ಚಪ್ಪಲಿ ಮೆಟ್ಟಿ ಸಾಲಾಗಿ ಕೂತು ನಗಬೇಕು. ಆತ ಹೋದನೆಂದರೆ ಚಪ್ಪಲಿ ಮತ್ತೆ ಒಳಗೆ.

ಈ ಸಲ ಶೌಕತ್ ಅಧಿಕಾರಿಯನ್ನು ಎದುರುಗೊಳ್ಳಲು ಗೇಟಿಗೆ ಹೋದ ಕೂಡಲೇ, ಹಿಂದೆ ದರ್ಜಿಯಾಗಿದ್ದ ದೌಲತ್ ಅಜ್ಜಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ನನ್ನ ಕೈಗಿಟ್ಟರು.

"ಬರೀ ಮಗಳೇ. ಕಲ್ತಿದ್ದು ಸೋಪಿನ ಪೊಟ್ಟಣ ಓದೋಕಾ?"

ಒಬ್ಬೊಬ್ಬರು ಹೇಳಿದ್ದನ್ನು ಅವರವರ ಚಪ್ಪಲಿಯ ತಳಕ್ಕೆ ಬರೆದೆ. ಅವರು ಅವನ್ನು ಪಡಸಾಲೆಯ ಉದ್ದಕ್ಕೂ ಬೋರಲು ಹಾಕಿದರು.

ಚಪ್ಪಲಿಯ ತಳ ಆಕಾಶ ನೋಡುತ್ತಿದ್ದರೆ ದೇವರಿಗೆ ಅಗೌರವವೆಂದು, ಅದನ್ನು ಸರಿಮಾಡದೆ ನಮ್ಮಲ್ಲಿ ಯಾರೂ ಹಾಗೇ ದಾಟಿ ಹೋಗುವುದಿಲ್ಲ. ಅಧಿಕಾರಿಯೂ ಬಗ್ಗಿದ. ಮೊದಲನೆಯದು: 'ಮಗಳ ಗೋರಿಗೆ.' ಸರಿಮಾಡಿಟ್ಟ. ಮುಂದಿನದು: 'ಸಮುದ್ರದ ದಂಡೆಗೆ, ಸುಟ್ಟ ಜೋಳ ತಿನ್ನೋಕೆ.' ಬರಹದ ಸುಣ್ಣ ಬಿಟ್ಟರೆ ಆ ತಳಗಳಲ್ಲಿ ಒಂದು ಕಣ ಧೂಳಿರಲಿಲ್ಲ. ಶೌಕತ್ ಓಡಿಬಂದು ತಾನೂ ಬಗ್ಗಿದ. ಇಬ್ಬರೂ ಭತ್ತ ನಾಟಿ ಮಾಡುವವರಂತೆ ಸಾಲು ಹಿಡಿದು ಸಾಗಿದರು.

"ಯಾವ ಬೋಳಿಮಗಂದು ಈ ಕೆಲ್ಸ?" ಎಂದು ಶೌಕತ್ ನನ್ನ ಕಾಲ ಬಳಿ ಪಿಸುಗುಟ್ಟಿದ. ನಾನು ಬಕೆಟ್ಟು ನೋಡುತ್ತಾ ನಿಂತೆ.

"ಅವಸರ ಬೇಡ ಸಾಹೇಬ್ರೇ," ಎಂದರು ಹಾಜಿ. "ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ಕೊಂಡೇ ಹೋಗ್ಬೇಕು."

ಕೊನೆಯ ಜೊತೆ ಅವರದೇ. 'ಡೊಮಿನೊ' ಎಂದು ಓದಿ ಅಧಿಕಾರಿ ಅದನ್ನು ಸರಿಮಾಡಿದ. ಹಾಜಿ ಅಲ್ಲೇ ಕಾಲು ತೂರಿಸಿ, "ಉಪಕಾರ ಆಯ್ತು," ಎಂದು ಬಾಗಿಲು ದಾಟಿದರು. ಅಧಿಕಾರಿಯ ಎದುರು ಶೌಕತ್ ತಡೆಯುವಂತಿರಲಿಲ್ಲ.

ಸಂಜೆ ಬೀರುವಿಗೆ ಮತ್ತೆ ಬೀಗ ಬಿತ್ತು. ಒಂದು ಜೊತೆ ಮಾತ್ರ ಒಳಗಿಲ್ಲ. ಹಾಜಿ ಹಿಂದಿರುಗಿ ಬಂದು, ಚಪ್ಪಲಿ ಬಿಚ್ಚದೆ ಮಂಚದ ಮೇಲೆ ಕೂತಿದ್ದಾರೆ. ಪಡಸಾಲೆಯ ತುಂಬ ಬೀದಿ ಮಣ್ಣಿನ ಹೆಜ್ಜೆಗಳು. ಒರೆಸಬೇಕಾದವಳು ನಾನು, ಇನ್ನೂ ಒರೆಸಿಲ್ಲ.

ಅಧಿಕಾರಿ ತನ್ನ ವರದಿಯಲ್ಲಿ ಏನು ಬರೆದನೋ, ನನಗೆ ಗೊತ್ತಿಲ್ಲ.