ಕಿಟಕಿ ಬದಿಯ ಜಾಗ

ನನ್ನ ಗಂಡ ಗಾರೆ ಕೆಲಸದವರು. ಊರಿನವರ ಮನೆಗಳನ್ನೆಲ್ಲ ಕಟ್ಟುತ್ತಾ, ರಜೆ ಸಿಕ್ಕಾಗ ನಮ್ಮದನ್ನು ತಾವೊಬ್ಬರೇ ಕಟ್ಟಿದರು. ಅಂಥವರಿಗೆ ಆ ಬೆಳಿಗ್ಗೆ ಹತ್ತು ಸಲ ಹೇಳಿದ್ದೆ: "ಬ್ಯಾಂಕಿನವರು ಮನೇನ ಏನೇ ಅನ್ನಲಿ, ನೀವು ತುಟಿ ಪಿಟಕ್ ಅನ್ನಬಾರದು."

ಕಾರಣವಿತ್ತು. ಎರಡು ವರ್ಷದಲ್ಲಿ ಮನೆಗಳ ಬೆಲೆ ಅರ್ಧಕ್ಕಿಂತ ಕೆಳಗಿಳಿದು, ಕಟ್ಟಡದ ಕೆಲಸವೇ ನಿಂತುಹೋಗಿತ್ತು. ನಮ್ಮ ಸಾಲದ ಕಂತು ಕಟ್ಟಿ ವರ್ಷವಾಗಿತ್ತು. ನಮ್ಮ ಬೀದಿಯಲ್ಲೇ ಆರು ಮನೆಗಳಿಗೆ ಬ್ಯಾಂಕಿನ ಬೀಗ. ಹರಾಜು ಕೂಗಿದರೆ ಕೊಳ್ಳುವವರಿಲ್ಲ. ಕೊನೆಗೆ ಬ್ಯಾಂಕು ಒಂದು ತೀರ್ಮಾನಕ್ಕೆ ಬಂತು. ಮಾರಿದರೂ ಗಿಟ್ಟದಂಥ ಮನೆಗಳ ಸಾಲವನ್ನು ಪೂರ್ತಿ ಮನ್ನಾ ಮಾಡಿ, ಮನೆಯನ್ನು ಇದ್ದವರಿಗೇ ಬಿಡುವುದು. ಗಟ್ಟಿಮುಟ್ಟಾದವನ್ನು ಮಾತ್ರ ಹರಾಜಿಗಿಡುವುದು. ಅಂದರೆ ಮನೆ ನಮಗೆ ಉಳಿಯಬೇಕಾದರೆ ಅದು ಕೆಲಸಕ್ಕೆ ಬಾರದ್ದು ಎಂದು ವರದಿಯಾಗಬೇಕು. ಇಂಥ ನ್ಯಾಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ!

ಪರಿಶೀಲನೆಗೆ ಬಂದ ಇಂಜಿನಿಯರಮ್ಮ ಒಳ್ಳೆಯವರೇ. ಬಾಗಿಲಲ್ಲೇ, "ಸೋರತ್ತಾ? ಬಿರುಕು ಗಿರುಕು ಏನಾದ್ರೂ?" ಎಂದು ಆಸೆಯಿಂದಲೇ ಕೇಳಿದರು.

"ಎಲ್ಲಾ ಕಡೆ ಸೋರತ್ತೆ ಮೇಡಂ," ಎಂದೆ.

ತಾರಸಿ ಹತ್ತಿ ಒಂದು ಬಕೆಟ್ ನೀರು ಸುರಿಸಿ ನೋಡಿದರು. ನೀರು ಎಲ್ಲೂ ನಿಲ್ಲದೆ ಸೀದಾ ಕೊಳವೆಗೆ ಹೋಯಿತು. ನಮ್ಮ ಯಜಮಾನರ ಮುಖ ಅರಳಿತು. ನಾನು ಇವರನ್ನು ಕೆಕ್ಕರಿಸಿ ನೋಡಿದೆ. ಇಂಜಿನಿಯರಮ್ಮ ಕೆಳಗೆ ಬಂದು ನೆಲದ ಟೈಲ್ಸನ್ನು ನಾಣ್ಯದಿಂದ ತಟ್ಟುತ್ತಾ ಹೋದರು. ಒಂದಾದರೂ ಟೊಳ್ಳು ಸದ್ದು ಮಾಡಬಾರದೇ? ಗೋಡೆ ನೆಟ್ಟಗಿದೆಯೇ ಎಂದು ರಸಮಟ್ಟ ಹಿಡಿದರೆ ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಇವರು ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದರು.

ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಇಂಜಿನಿಯರಮ್ಮ ಪೆನ್ನು ತೆಗೆದರು. "ನೆಲ ಅಗೆದು ನೋಡೋರು ಯಾರೂ ಇಲ್ಲ. ಪಾಯ ಕುಸೀತಾ ಇದೆ ಅಂತ ಬರೀತೀನಿ."

"ಬರೀರಿ, ಬರೀರಿ," ಎಂದೆ.

"ಬೇಡ," ಎಂದರು ಇವರು.

"ರೀ, ಸುಮ್ನಿರ್ತೀರಾ?"

"ಆರಡಿ ಪಾಯ ಮೇಡಂ, ನನ್ನ ಕೈಯಾರೆ ಹಾಕಿದ್ದು. ಅದರ ಮೇಲೆ ಸುಳ್ಳು ಬರೀಬೇಡಿ. ನಿಜವಾದ್ದೇ ಒಂದಿದೆ, ಬನ್ನಿ."

ಮಲಗುವ ಕೋಣೆಗೆ ಕರೆದುಕೊಂಡು ಹೋಗಿ, ಕಿಟಕಿ ಬದಿಯಲ್ಲಿ ಚಾವಣಿ ಹೊತ್ತ ಬೀಮ್ ತೋರಿಸಿದರು. "ನಾಲ್ಕು ಕಂಬಿ ಹಾಕಬೇಕಿತ್ತು. ಎರಡೇ ಹಾಕಿದೀನಿ."

ಇಂಜಿನಿಯರಮ್ಮ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಅಂಗೈಯಗಲ ಗಾರೆ ಕಳಚಿ ಮಂಚದ ಮೇಲೆ ಬಿತ್ತು. ಒಳಗೆ ಉದ್ದಕ್ಕೂ ಬಿರುಕು.

"ಗೊತ್ತಿದ್ದೂ ಯಾಕ್ರೀ ಹೀಗೆ ಬಿಟ್ರಿ?" ಎಂದು ಅವರು ಇವರನ್ನು ಕೇಳಿದರು.

"ಆ ವಾರ ಇವಳು ಹೆರಿಗೆಗೆ ಆಸ್ಪತ್ರೆಲಿದ್ಲು. ಕಂಬಿಗಿಟ್ಟ ದುಡ್ಡು ಆಪರೇಷನ್ನಿಗೆ ಹೋಯ್ತು. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಕೈಗೂಡಲೇ ಇಲ್ಲ."

ಇಂಜಿನಿಯರಮ್ಮ ನಿಂತಲ್ಲೇ ಎರಡು ಪುಟ ಬರೆದರು. "ನಿಮ್ಮ ಸಾಲ ಮನ್ನಾ ಆಗತ್ತೆ, ಚಿಂತೆ ಬಿಡಿ. ಆದ್ರೆ ಇವತ್ತೇ ಇದಕ್ಕೆ ಆಸರೆ ಕೊಡಿ. ಇದರ ಕೆಳಗೆ ಯಾರೂ ಮಲಗಬಾರದು," ಎಂದು ಹೊರಟರು.

ನಾನು ಕುಣಿದಾಡಬೇಕಿತ್ತು. ಮಂಚವನ್ನೇ ನೋಡುತ್ತಾ ನಿಂತೆ. ಕಿಟಕಿ ಬದಿ ಇವರ ಜಾಗ. ಹನ್ನೊಂದು ವರ್ಷ, ಎಷ್ಟೇ ಸೆಕೆಯಿರಲಿ, ನಾನೆಷ್ಟೇ ಜಗಳವಾಡಲಿ, "ನನಗೆ ಗಾಳಿ ಬೇಕು" ಎಂದು ಒಂದು ದಿನವೂ ಬಿಟ್ಟುಕೊಟ್ಟಿರಲಿಲ್ಲ. ಮಗಳು ನಿದ್ದೆಯಲ್ಲಿ ಆ ಕಡೆ ಹೊರಳಿದರೂ ಎತ್ತಿ ನನ್ನ ಪಕ್ಕಕ್ಕೆ ಹಾಕುತ್ತಿದ್ದರು. ಶುದ್ಧ ಸ್ವಾರ್ಥಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನು.

"ಗಾಳಿ ಬೇಕಾ ನಿಮಗೆ, ಗಾಳಿ?" ಎಂದು ಬೆನ್ನಿಗೊಂದು ಗುದ್ದಿದೆ. ಅಳು ತಡೆಯಲಾಗಲಿಲ್ಲ.

ಇವರು ಹಾಸಿಗೆಯ ಮೇಲಿನ ಗಾರೆ ಚೂರು ಆರಿಸುತ್ತಾ, "ಮಂಚ ಸರಿಸಿದ್ರೆ ಯಾಕೆ ಅಂತ ಹೇಳಬೇಕಾಗ್ತಿತ್ತು. ಆ ತುದಿ ಹಿಡ್ಕೋ," ಎಂದರು. ಇಬ್ಬರೂ ಸೇರಿ ಮಂಚವನ್ನು ಎದುರು ಗೋಡೆಗೆ ಎಳೆದೆವು.