ಪಾಪಯ್ಯನ ಎಡೆ

ಮಹಾಲಯ ಅಮಾವಾಸ್ಯೆಯ ದಿನ. ಜಿನುಗುತ್ತಿದ್ದ ಮಳೆ ಆಗತಾನೆ ನಿಂತಿತ್ತು. ಗೊಟ್ಟಿಗೆರೆಯ ಆ ಹಳೇ ಮನೆಯ ಹಿತ್ತಲಲ್ಲಿ ಮರಿಯಮ್ಮ ಮಾಂಸಕ್ಕೆ ಅರಿಶಿನ ಹಚ್ಚುತ್ತಿದ್ದರು, ಮೊಮ್ಮಗಳು ಬಿಂದುಶ್ರೀ ವಡೆ ತಟ್ಟುತ್ತಿದ್ದಳು. ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿದ್ದರೂ ಹಿರಿಯರಿಗೆ ಎಡೆ ಇಡುವ ಕ್ರಮ ತಪ್ಪಿರಲಿಲ್ಲ.

ಮರಿಯಮ್ಮನ ಗಂಡ, ಎಂಬತ್ತೆರಡರ ಕರ್ನಲ್ ತಿಮ್ಮರಾಯಪ್ಪನವರು ನಡುಮನೆಯಲ್ಲಿ ಬಾಳೆಎಲೆ ಒರೆಸಿ ಹಾಸುತ್ತಿದ್ದರು. ಅಜ್ಜನಿಗೊಂದು, ಅಪ್ಪನಿಗೊಂದು, ಅವ್ವನಿಗೊಂದು. ನಾಲ್ಕನೆಯದು ಪಾಪಯ್ಯನಿಗೆ. ಅದರ ಮುಂದೆ ಫೋಟೋ ಇಲ್ಲ, ಒಂದು ಲೋಟ ರಮ್ಮು, ಒಂದು ಕಟ್ಟು ಬೀಡಿ, ಅಷ್ಟೆ. ಪಾಪಯ್ಯ ಈ ಮನೆಯವನಲ್ಲ, ಈ ಜಾತಿಯವನೂ ಅಲ್ಲ. ಐವತ್ತಮೂರು ವರ್ಷದ ಹಿಂದೆ ಮೊದಲ ಸಲ ಅವನಿಗೆ ಎಲೆ ಹಾಕಿದಾಗ ಅವ್ವ, “ಬೇಕಾದ್ರೆ ಜಗಲೀಲಿ ಹಾಕ್ಕೊ” ಎಂದಿದ್ದಳು. ಮಗ ಎಲೆಯನ್ನು ಅಪ್ಪನ ಪಕ್ಕಕ್ಕೇ ಎಳೆದಿದ್ದ.

ಅರವತ್ತೈದರ ಯುದ್ಧಕ್ಕೆ ಹೋದಾಗ ತಿಮ್ಮರಾಯಪ್ಪನವರಿಗೆ ಇಪ್ಪತ್ತೆರಡು. ಎಪ್ಪತ್ತೊಂದರಲ್ಲಿ ಕ್ಯಾಪ್ಟನ್. ಪೂರ್ವದ ಗಡಿಯಾಚೆ ಒಂದು ಕಾಲುವೆ ಏರಿಯನ್ನು ಮೂವತ್ತು ಜನರೊಂದಿಗೆ ಕಾದದ್ದಕ್ಕೆ ವೀರಚಕ್ರ ಬಂತು. ಪದಕದ ಜೊತೆ ಬಂದ ಕಾಗದದಲ್ಲಿ ಒಂದು ಸಂಗತಿ ಇರಲಿಲ್ಲ. ವೈರ್‌ಲೆಸ್ ಸೆಟ್ ಹೊರುವ ಪಾಪಯ್ಯನಿಗೆ, “ಸೆಟ್ ಬಿಟ್ಟು ಕದಲಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ” ಎಂದು ಮುಂದೆ ಹೋದವರು ಶೆಲ್ ಬಿದ್ದು ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ಅವನಿದ್ದ ಜಾಗ ನೆಲಸಮವಾಯಿತೆಂದು ಯಾರೋ ಅಂದರು. ಅವನ ಸಿದ್ದಾಪುರದ ವಿಳಾಸಕ್ಕೆ ಬರೆದ ಕಾಗದ ವಾಪಸು ಬಂತು. ಗುಣವಾದ ಮೇಲೆ ಬೇರೆ ಪಲ್ಟನ್ ಸಿಕ್ಕಿತು. ವಿಚಾರಿಸಿದ್ದರೆ ಗೊತ್ತಾಗುತ್ತಿತ್ತು. ಆದರೆ ‘ಹೌದು, ಸತ್ತ’ ಎನ್ನುವುದನ್ನು ಕೇಳಿಸಿಕೊಳ್ಳುವ ಎದೆ ಆ ವೀರಚಕ್ರದ ಹಿಂದೆ ಇರಲಿಲ್ಲ.

“ತಾತ, ಆ ನಾಲ್ಕನೇ ಎಲೆ ತೆಗಿ,” ಎಂದಳು ಬಿಂದುಶ್ರೀ ಕೈ ಒರೆಸಿಕೊಳ್ಳುತ್ತ ಬಂದು.

“ಯಾಕವ್ವ?”

“ನಿನ್ನ ಮಾತ್ರೆ ತರೋಕೆ ಮಿಲಿಟರಿ ಕ್ಲಿನಿಕ್‌ಗೆ ಹೋಗಿದ್ನಲ್ಲ, ಅಲ್ಲಿ ‘ಪಾಪಯ್ಯ, ಸಿದ್ದಾಪುರ’ ಅಂತ ಕೂಗಿದ್ರು. ಹೋಗಿ ಮಾತಾಡಿಸ್ದೆ. ಅವರೇ! ಇವತ್ತು ಊಟಕ್ಕೆ ಕರ್ದಿದೀನಿ. ಆಟೋ ಹತ್ತಿರ ಬಂತಂತೆ.”

ಮುದುಕರ ಕೈ ತಗಲಿ ರಮ್ಮು ಚೆಲ್ಲಿತು.

“ನನ್ನ ಮೇಲೆ ಕೋಪ ಇದೆಯಂತಾ?”

“ಅದನ್ನ ನೀನೇ ಕೇಳ್ಕೊ.”

ಎಲೆ ತೆಗೆಯಲು ಹೊತ್ತು ಸಿಗಲಿಲ್ಲ. ಕೋಲು ಹಿಡಿದ ಒಬ್ಬ ಸಣಕಲು ಮುದುಕ, ಅವನ ಹಿಂದೆ ಹೆಂಡತಿ ರುದ್ರಮ್ಮ, ಹೊಸ್ತಿಲಲ್ಲಿ ನಿಂತರು. ಮುದುಕ ಕೋಲನ್ನು ಹೆಂಡತಿಗೆ ಕೊಟ್ಟು ನೆಟ್ಟಗಾಗಿ ಸೆಲ್ಯೂಟ್ ಹೊಡೆದ. ತಿಮ್ಮರಾಯಪ್ಪನವರೂ ಹೊಡೆದರು. ಮರಿಯಮ್ಮ ಬಂದು ಗಂಡಹೆಂಡಿರನ್ನು ಒಳಗೆ ಕರೆದರು.

“ಇದ್ಯಾರಿಗೆ, ಫೋಟೋನೇ ಇಲ್ಲ?” ಎಂದಳು ರುದ್ರಮ್ಮ ಎಲೆ ನೋಡಿ.

“ನಿಮ್ಮ ಯಜಮಾನ್ರಿಗೇ ಕಣಮ್ಮ,” ಎಂದರು ಮರಿಯಮ್ಮ ನಾಚಿಕೊಂಡು. “ವರ್ಷಾವರ್ಷ ಇಡ್ತಿದ್ವಿ.”

“ಅಯ್ಯೋ! ನಾವು ಬುದ್ಧನ್ನ ಒಪ್ಕೊಂಡ್ಮೇಲೆ ನಮ್ಮ ಹಿರೀಕರಿಗೇ ಎಡೆ ಬಿಟ್ವಿ. ಈ ಮನುಷ್ಯ ಬದುಕಿದ್ದೇ ಇಲ್ಲಿ ಬಂದು ತಿಂತಿತ್ತಾ! ಅದಕ್ಕೇ ನಾನು ಮಾಡಿದ್ದು ಯಾವ್ದೂ ರುಚಿಸ್ತಿರಲಿಲ್ಲ.”

ಎಲ್ಲರೂ ನಕ್ಕರು, ತಿಮ್ಮರಾಯಪ್ಪನವರನ್ನು ಬಿಟ್ಟು.

“ಬರ್ತೀನಿ ಅಂದಿದ್ದೆ ಪಾಪಯ್ಯ. ಬರ್ಲಿಲ್ಲ. ಶೆಲ್ ಬಿತ್ತು.”

“ಹಾಗಾ ಸಾಬ್?” ಪಾಪಯ್ಯ ತಲೆ ತಗ್ಗಿಸಿದ. “ನಾನೂ ನಿಮ್ಮ ಕಣ್ಣು ತಪ್ಪಿಸ್ಕೊಂಡೇ ಓಡಾಡ್ತಿದ್ದೆ. ಪೇಪರ್‌ನಲ್ಲಿ ನಿಮ್ಮ ಫೋಟೋ ನೋಡಿದ್ದೆ. ಒಂದ್ಸಲ ಜಯನಗರ ಫೋರ್ತ್ ಬ್ಲಾಕಲ್ಲಿ ನೀವು ಎದುರಿಗೆ ಬಂದ್ರಿ. ಪಾತ್ರೆ ಅಂಗಡಿಗೆ ನುಗ್ಗಿ, ಸುಮ್ನೆ ಒಂದು ಇಡ್ಲಿ ಪಾತ್ರೆ ತಗೊಂಡು ಮನೆಗೆ ಹೋದೆ.”

“ಓ, ಆ ಪಾತ್ರೆನಾ!” ಎಂದಳು ರುದ್ರಮ್ಮ.

“ನೀನ್ಯಾಕೋ ತಪ್ಪಿಸ್ಕೋಬೇಕು?”

“ಬೆಳಗಾಗೋ ತನಕ ಕಾದೆ. ಆಮೇಲೆ ಸೆಟ್ಟನ್ನ ಕಾಲುವೆಗೆ ಎಸೆದು ಓಡ್ದೆ. ಪಲ್ಟನ್‌ನಲ್ಲಿ, ಸೆಟ್ಟು ಶೆಲ್ಲಿಗೆ ಹೋಯ್ತು ಅಂತ ಬರೆಸ್ದೆ. ನೀವು ಹೋಗುವಾಗ ಸೆಟ್ಟು ಸರಿಯಾಗಿತ್ತು, ಅದನ್ನ ಬಿಟ್ಟು ಕದಲಬಾರದಿತ್ತು ಅನ್ನೋದು ನಿಮಗೊಬ್ರಿಗೇ ಗೊತ್ತಿದ್ದದ್ದು.”

ತಿಮ್ಮರಾಯಪ್ಪನವರಿಗೆ ನಗು ಒತ್ತರಿಸಿಕೊಂಡು ಬಂತು; ನಕ್ಕು ನಕ್ಕು ಕೆಮ್ಮಿದರು, ಕಣ್ಣೊರೆಸಿಕೊಂಡರು. ಆಮೇಲೆ ಹಳೆಯ ಆಫೀಸರ್ ದನಿ ತೆಗೆದು, “ಸೆಟ್ಟು ಶೆಲ್ಲಿಗೇ ಹೋಯ್ತು. ನಾನು ನೋಡಿದೀನಿ,” ಎಂದರು.

ಪಾಪಯ್ಯನ ಹೆಗಲು ಸಡಿಲವಾದದ್ದು ಅಂಗಿಯ ಮೇಲಿಂದಲೂ ಕಾಣಿಸಿತು.

“ಇನ್ನು ನನ್ನ ತಪ್ಪು?” ಎಂದರು ತಿಮ್ಮರಾಯಪ್ಪನವರು.

“ಸುಳ್ಳು ಹೇಳಲ್ಲ ಸಾಬ್. ಅವತ್ತು ಎಲೆ ಅಲ್ಲಾಡಿದ್ರೂ ನೀವೇ ಬಂದ್ರಿ ಅನ್ಕೋತಿದ್ದೆ. ಅದು ಮನ್ನಾ ಆಗಲ್ಲ. ಆದ್ರೆ ಬೇಕಂತ್ಲೇ ಬಿಟ್ಟು ಹೋದ್ರೇನೋ ಅಂತ ಒಂದಿತ್ತಲ್ಲ, ಅದು ಈಗ ಹೋಯ್ತು.”

“ಅಂದ್ರೆ ಬಾಕಿ ಇದೆ.”

“ಸ್ವಲ್ಪ ಇದೆ. ಇರ್ಲಿ ಬಿಡಿ.”

ತಿಮ್ಮರಾಯಪ್ಪನವರು ತಲೆಯಾಡಿಸಿದರು. ಅಷ್ಟನ್ನು ಹೊರಬಹುದು ಎನ್ನಿಸಿತು.

ಬದುಕಿರುವವರು ಆ ಸಾಲಿನಲ್ಲಿ ಕೂರಬಾರದೆಂದು ಮರಿಯಮ್ಮ ಎದುರು ಗೋಡೆಗೆ ಹೊಸ ಎಲೆ ಹಾಕಿದರು. ಎಡೆ ಆಗದೆ ಯಾರೂ ಉಣ್ಣುವ ಹಾಗಿಲ್ಲ ಎಂಬುದನ್ನು ಆ ದಿನ ಯಾರೂ ಎತ್ತಲಿಲ್ಲ. ತಿಮ್ಮರಾಯಪ್ಪನವರು ತಾವೇ ಸೌಟು ಹಿಡಿದು ಬಗ್ಗಿದರು.

“ಮೂಳೆ ಹಾಕ್ಲೋ, ಮೆತ್ತನೇದು ಹಾಕ್ಲೋ? ಹಲ್ಲಿದಾವಾ?”

“ನಾಲ್ಕಿದಾವೆ ಸಾಬ್. ಮೆತ್ತನೇದೇ ಹಾಕಿ.”